ಶಿಫಾರಸು ಪತ್ರದ ಒಂದು ಸಾಲು

ಮಾರ್ಚ್ 3, ಸೋಮವಾರ

ಕಲ್ಲು ಕೊಯ್ಯುವ ಮೆಷಿನ್ ಮತ್ತೆ ಕೆಟ್ಟಿತು. ಎರಡನೇ ವರ್ಷದವರ ಪ್ರಾಕ್ಟಿಕಲ್ ಹಾಳು. ಹಳೆಯ ಸ್ಲೈಡುಗಳನ್ನೇ ಮೈಕ್ರೋಸ್ಕೋಪಿನ ಕೆಳಗಿಟ್ಟು ಹೇಗೋ ಸಾಗಹಾಕಿದೆ.

ಮಧ್ಯಾಹ್ನ ನೋಟಿಸ್ ಬಂತು — ಭೂವಿಜ್ಞಾನ ವಿಭಾಗಕ್ಕೆ ಒಂದು ಖಾಯಂ ಹುದ್ದೆ. ಒಂದೇ ಒಂದು. ಅರ್ಜಿ, ಮುಖ್ಯಸ್ಥರ ಶಿಫಾರಸು ಪತ್ರ, ಎಲ್ಲ ಆನ್‌ಲೈನ್. ಕೊನೆಯ ದಿನ 14, ಸಂಜೆ ಐದು. ಒಂಬತ್ತು ವರ್ಷದಿಂದ ಗುತ್ತಿಗೆಯ ಮೇಲೆ ಪಾಠ ಮಾಡುತ್ತಿದ್ದೇನೆ. ಪ್ರತಿ ಜೂನಿನಲ್ಲೂ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವುದು. ಮುಂದಿನ ಸಲಕ್ಕೆ ವಯಸ್ಸಿನ ಮಿತಿ ದಾಟಿರುತ್ತೇನೆ. ಅಂದರೆ ಇದೇ ಕೊನೆ.

ಉದ್ದಣ್ಣನೂ ಹಾಕುತ್ತಾನಂತೆ. ನನ್ನ ಹಳೆಯ ವಿದ್ಯಾರ್ಥಿ, ಈಗ ಪಕ್ಕದ ಕ್ಯಾಬಿನ್. ನನ್ನ ಬಾಗಿಲಿಗೆ ತಲೆ ತಗ್ಗಿಸಿಯೇ ಬರಬೇಕು, ಅದಕ್ಕೇ ಆ ಹೆಸರು. ಒಳ್ಳೆಯವನು. ಕಷ್ಟವೇ ಅದು.

ಮಾರ್ಚ್ 5

ವಿಭಾಗದ ಮುಖ್ಯಸ್ಥರು, ನಮ್ಮ ಸರ್, ಅವರ ಹತ್ತಿರ ಶಿಫಾರಸು ಕೇಳಿದೆ. ಫೈಲಿನಿಂದ ತಲೆ ಎತ್ತಲಿಲ್ಲ. "ನೀನೇ ಬರ್ಕೊಂಡು ಬಾಮ್ಮ, ಸೈನ್ ಹಾಕ್ತೀನಿ. ಹಾಗೇ ಅವನದ್ದೂ ಒಂದು ಬರೆದ್ಬಿಡು. ನಿನ್ನ ಭಾಷೆ ಚೆನ್ನಾಗಿದೆ."

ವಿಭಾಗದ ಪತ್ರಗಳೆಲ್ಲ ಹೀಗೇ. ಸರ್ ಹೆಸರು, ನನ್ನ ಬರಹ. ಮೀಟಿಂಗಿನ ವರದಿ ಬರೆಯುವುದು, ಫೀಲ್ಡ್ ಟ್ರಿಪ್ಪಿನಲ್ಲಿ ಜ್ವರದ ಮಾತ್ರೆ ಹಂಚುವುದು, ಅಳುವವರನ್ನು ಸಮಾಧಾನ ಮಾಡುವುದು — ಎಲ್ಲಕ್ಕೂ 'ಮೇಡಂ ನೋಡ್ಕೋತಾರೆ'. ಈಗ ಎದುರಾಳಿಗೆ ಶಿಫಾರಸು ಬರೆಯುವುದೂ ಸೇರಿತು. ನಗಬೇಕೋ ಅಳಬೇಕೋ!

ಮಾರ್ಚ್ 7

ಎರಡೂ ಮುಗಿಯಿತು. ಅವನದ್ದು ಇಪ್ಪತ್ತು ನಿಮಿಷ. ನನ್ನದಕ್ಕೆ ಎರಡು ದಿನ. ಸರ್ ನಿಂತಲ್ಲೇ ಸೈನ್ ಹಾಕಿ ಸೀಲ್ ಒತ್ತಿದರು. ಓದಲಿಲ್ಲ. ಸಂಜೆಯೇ ಪೋರ್ಟಲ್‌ಗೆ ಹಾಕಿದೆ. ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ.

ಮಾರ್ಚ್ 12

ನಾಲ್ಕು ದಿನ ಬರೆಯಲಿಲ್ಲ. ಮಗಳಿಗೆ ಜ್ವರ. ರಜೆ ಹಾಕಿದ್ದು ನಾನು. ಇವರಿಗೆ ಆಫೀಸಿನಲ್ಲಿ ಆಡಿಟ್. ಇವರಿಗೆ ಯಾವಾಗಲೂ ಆಡಿಟ್.

ಇವತ್ತು ಉದ್ದಣ್ಣ ಬಂದ. "ಮೇಡಂ, ಲೆಟರ್ ಓದ್ದೆ. ಇದು ನಾನೇನಾ ಅಂತ ಎರಡು ಸಲ ಹೆಸರು ನೋಡ್ಕೊಂಡೆ!" ನಾನೂ ನಕ್ಕೆ. ಅವನು ಹೋದ ಮೇಲೆ ಎರಡು ಪತ್ರಗಳನ್ನೂ ಪಕ್ಕಪಕ್ಕ ತೆರೆದೆ.

ಅವನು: 'ಅಪರೂಪದ ಪ್ರತಿಭೆ. ಸ್ವತಂತ್ರ ಚಿಂತಕ. ನಾಳೆ ವಿಭಾಗವನ್ನು ಮುನ್ನಡೆಸಬಲ್ಲವರು.'

ನಾನು: 'ಶ್ರಮಜೀವಿ. ಎಲ್ಲರೊಡನೆ ಹೊಂದಿಕೊಳ್ಳುತ್ತಾರೆ. ವಿದ್ಯಾರ್ಥಿಗಳಿಗೆ ತಾಯಿಯಂತೆ. ಕಣಿವೆಯ ನಕ್ಷೆ ತಯಾರಿಯಲ್ಲಿ ಸಹಾಯ ಮಾಡಿದ್ದಾರೆ.'

ಸಹಾಯ! ಆ ಕಣಿವೆಯಲ್ಲಿ ಬಂಡೆಗಳು ಸೀಳಿ ಜರುಗಿದ ಜಾಗವನ್ನು — ಫಾಲ್ಟನ್ನು — ಮೊದಲು ಕಂಡವಳು ನಾನು. ಮೂರು ಬೇಸಿಗೆ ಹೆಜ್ಜೆಹೆಜ್ಜೆಗೂ ಅಳೆದವಳು ನಾನು. ಮೂರನೆಯ ಬೇಸಿಗೆಯಲ್ಲಿ ಆರು ತಿಂಗಳ ಬಸುರಿ. ಆ ನಕ್ಷೆಯ ಸಂಶೋಧನಾ ಪೇಪರ್ ಅಚ್ಚಾದಾಗ ಬಾಣಂತಿ. ಲೇಖಕರು ಸರ್, ಉದ್ದಣ್ಣ. ನಾನು ಕೊನೆಯಲ್ಲಿ, 'ಕೃತಜ್ಞತೆಗಳು' ಅನ್ನುವ ಕಡೆ, ಜೀಪ್ ಡ್ರೈವರ್ ಹೆಸರಿನ ನಂತರ. ಆಗ ಜಗಳವಾಡಲಿಲ್ಲ. ಹಾಲು, ಅಳು, ನಿದ್ದೆಗೇಡು... ಹೆಸರು ಬಿಟ್ಟದ್ದು ಅವರ ಕೆಲಸ, ಸರಿ. ಆದರೆ ಈ ಪತ್ರ? ಯಾರೂ ಕೈ ಹಿಡಿದು ಬರೆಸಲಿಲ್ಲ. ನನ್ನ ತಲೆಯ ಮೇಲೆ ನಾನೇ ಕಲ್ಲು ಹಾಕಿಕೊಂಡೆ. ಥೂ!

ಮಾರ್ಚ್ 13

ಪತ್ರ ಬದಲಿಸುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಇವರು: "ಸೈನ್ ಆಗಿದೆಯಲ್ಲ, ಬಿಡು. ಈಗ ಯಾಕೆ ಸರ್‌ನ ಎದುರು ಹಾಕ್ಕೋತೀಯ?"

ಬಟಾಣಿ ಸುಲಿಯುತ್ತಿದ್ದ ಅತ್ತೆ ನಡುವೆ ಬಾಯಿ ಹಾಕಿದರು. "ಹೊಟ್ಟೆ ಹೊತ್ಕೊಂಡು ಆ ಗುಡ್ಡ ಹತ್ತಬೇಡ ಅಂತ ಬಾಯಿ ಬಡ್ಕೊಂಡೆ. ಕೇಳಿದ್ಯಾ? ಕೇಳ್ಲಿಲ್ಲ. ಈಗ ಸಹಾಯ ಮಾಡ್ದೆ ಅಂತ ಬರ್ಕೊಂಡು ಬಂದಿದ್ದೀಯ. ಯಾರಿಗಮ್ಮ ಸಹಾಯ? ಅವತ್ತು ನನ್ನ ಮಾತು ಮೀರಿದ್ದಕ್ಕಾದ್ರೂ ಒಂದು ಬೆಲೆ ಬೇಡ್ವಾ?"

ನಗು ಬಂತು. ಹಿಂದೆಯೇ ಅಳುವೂ ಬಂತು.

ಹೊಸ ಪತ್ರ ಬರೆದೆ. 'ಸಹಾಯ' ಇದ್ದ ಕಡೆ ಒಂದು ಸಾಲು: 'ಈ ನಕ್ಷೆ ಇವರದ್ದು, ಫಾಲ್ಟನ್ನು ಗುರುತಿಸಿದವರೂ ಇವರೇ.' ಟೈಪ್ ಮಾಡಿ ತೆಗೆದೆ. ಮತ್ತೆ ಮಾಡಿದೆ.

ಮಾರ್ಚ್ 14, 3:50

ಸರ್ ಮೀಟಿಂಗಿನಲ್ಲಿ. ಬೆಳಿಗ್ಗೆಯಿಂದ ಮೂರು ಸಲ ಹೋಗಿ ಬಂದೆ. ಅಟೆಂಡರ್‌ಗೇ ಕನಿಕರ. "ಕೂತ್ಕೊಳಿ ಮೇಡಂ, ಬಾಗಿಲೇನೂ ಓಡಿ ಹೋಗಲ್ಲ."

4:30

ಸಿಕ್ಕಿದರು. "ಹಳೇದಕ್ಕೇನಾಗಿತ್ತು?"

"ಸ್ವಲ್ಪ ತಿದ್ದಿದ್ದೀನಿ ಸರ್."

ಪೆನ್ ಎತ್ತಿಕೊಂಡವರು, ಯಾಕೋ, ಈ ಸಲ ಓದಿದರು. ಒಂಬತ್ತು ವರ್ಷದಲ್ಲಿ ಮೊದಲ ಸಲ. ಆ ಸಾಲಿನ ಹತ್ತಿರ ನಿಂತರು. "ಇದು ಸ್ವಲ್ಪ ಜಾಸ್ತಿ ಆಗ್ಲಿಲ್ವಾ?"

"ಸುಳ್ಳಾ ಸರ್?" ದನಿ ನನ್ನದೇ ಅಂತ ನನಗೇ ಗೊತ್ತಾಗಲಿಲ್ಲ.

"ಸುಳ್ಳು ಅಂತ ಯಾರಂದ್ರು? ನಿಜ ಅಂತ ಎಲ್ಲಾನೂ ಬರೆಯೋಕಾಗುತ್ತಾ? ನಾಳೆ ಯಾರಾದ್ರೂ ಪೇಪರ್ ತೆಗೆದು, ಹಾಗಾದ್ರೆ ಇದರಲ್ಲಿ ಇವರ ಹೆಸರೆಲ್ಲಿ ಅಂದ್ರೆ?"

"ನಾನೂ ಅದನ್ನೇ ಕೇಳ್ತಿರೋದು ಸರ್."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಸಾಲು ತೆಗೆದು ಬೇರೆ ಪ್ರಿಂಟ್ ತಾ."

"ತೆಗೆಯಲ್ಲ ಸರ್."

"ಸ್ವಲ್ಪ ಹೊರಗಿರು."

4:41

ಕಾರಿಡಾರ್. ಮೊಬೈಲಿನಲ್ಲಿ ಪೋರ್ಟಲ್ ತೆರೆದಿದೆ. ಹಳೆಯ ಪತ್ರ, ಪಕ್ಕದಲ್ಲಿ ಹಸಿರು ಟಿಕ್. ಸುಮ್ಮನಿದ್ದರೆ ಅರ್ಜಿ ತಾನಾಗಿಯೇ ಸೇರುತ್ತದೆ. ಇದನ್ನು ಅಳಿಸಿ, ಸರ್ ಸೈನ್ ಹಾಕದೇ ಹೋದರೆ ಅರ್ಜಿಯೇ ಇಲ್ಲ. ಇನ್ನು ಜೂನಿನಲ್ಲಿ ಕರೆಯುತ್ತಾರಾ? ಎಲ್ಲಿ ಕರೀತಾರೆ.

ಆದರೆ ಇದು ಇರುವ ತನಕ ಇದನ್ನೇ ಹಿಡಿದುಕೊಂಡು ಕೂರುತ್ತೇನೆ. ನನ್ನನ್ನು ನಾನು ಬಲ್ಲೆ.

ಅಳಿಸಿದೆ. ಮೊಬೈಲಿನಲ್ಲಿದ್ದ ಕಾಪಿಯನ್ನೂ. ಹಳೆಯ ಪತ್ರದ ಕಾಗದ ಮನೆಯಲ್ಲಿದೆ. ಅಯ್ಯೋ, ಅಳಿಸಿಯೇಬಿಟ್ಟೆ.

4:52

ಅಟೆಂಡರ್ ಹಾಳೆ ತಂದುಕೊಟ್ಟರು. ಸರ್ ಹೊರಗೆ ಬರಲಿಲ್ಲ. ಸೈನ್ ಇದೆ. ಸೀಲ್ ಇದೆ. ಆ ಸಾಲಿನ ಮೇಲೆ ಮಾತ್ರ ಗೆರೆ ಎಳೆದಿದ್ದಾರೆ. ಪಕ್ಕದಲ್ಲಿ ಸಣ್ಣ ಸಹಿ, ಇವತ್ತಿನ ತಾರೀಖು.

ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ. ಒಂದೇ ಗೆರೆ. ತೆಳ್ಳಗೆ, ನೇರ. ಫೀಲ್ಡ್ ನೋಟ್‌ಬುಕ್ಕಿನಲ್ಲಿ ತಪ್ಪಾದರೆ ನಾವು ಯಾರೂ ಅಳಿಸುವುದಿಲ್ಲ, ಗೀಚುವುದೂ ಇಲ್ಲ. ಒಂದೇ ಗೆರೆ, ಕೆಳಗಿನದು ಓದುವ ಹಾಗಿರಬೇಕು, ಪಕ್ಕದಲ್ಲಿ ಸಹಿ, ತಾರೀಖು. ಮೂವತ್ತು ವರ್ಷ ಬೆಟ್ಟಗುಡ್ಡ ಅಲೆದ ಸರ್ ಕೈ, ಬೇರೆ ಥರ ಹೊಡೆದುಹಾಕುವುದು ಅದಕ್ಕೆ ಗೊತ್ತೇ ಇಲ್ಲ. 'ಈ ನಕ್ಷೆ ಇವರದ್ದು' — ಒಂದಕ್ಷರವೂ ಬಿಡದೆ ಕಾಣುತ್ತದೆ. ಪಕ್ಕದಲ್ಲಿ ಅವರದೇ ಸಹಿ.

4:58

ಫೋಟೋ ತೆಗೆದೆ. ಹಾಕಿದೆ. ಸುತ್ತುತ್ತಿತ್ತು... ಸುತ್ತುತ್ತಲೇ ಇತ್ತು... ಹೋಯಿತು! ಟಿಕ್ ಬಂತು.

ಮೆಟ್ಟಿಲ ಮೇಲೆ ಕೂತಿದ್ದೇನೆ. ಸಂದರ್ಶನದಲ್ಲಿ ಕೇಳೇ ಕೇಳುತ್ತಾರೆ, ಯಾಕಮ್ಮ ಈ ಸಾಲು ಹೊಡೆದಿದ್ದಾರೆ ಅಂತ. ಸರ್ ಕೂಡ ಮೇಜಿನ ಆಚೆ ಕೂತಿರುತ್ತಾರೆ. ಭಯವಾಗುತ್ತಿದೆ. ಆದರೂ ಅವರನ್ನೇ ನೋಡಿಕೊಂಡು, ದನಿ ನಡುಗಿಸದೆ, ಮೊದಲ ಮಾತಿಗೇ ಹೇಳಬೇಕು: ಆ ಫಾಲ್ಟನ್ನು ಮೊದಲು ಕಂಡವಳು ನಾನು.