ಆರು ಸಾವಿರದ ಬೇರಿಂಗ್ ಮತ್ತು ತಮ್ಮ ಕಿವಿಯ ಹತ್ತಿ

ವಾಹನ ಅರ್ಹತಾ ತಪಾಸಣಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ತಾವು ನನ್ನ ಲಾರಿಯನ್ನು “ಎಂಜಿನ್ ಚಾಲೂ ಆಗಲಿಲ್ಲ” ಎಂದು ಷರಾ ಬರೆದು ಅನುತ್ತೀರ್ಣಗೊಳಿಸಿದಿರಿ. ಎಂಜಿನ್ ಆಗ ಓಡುತ್ತಿತ್ತು. ಹಾಗೆಂದು ಸ್ಥಳದಲ್ಲೇ ಮೂರು ಸಲ ಅರಿಕೆ ಮಾಡಿಕೊಂಡೆ. ತಮ್ಮ ಎರಡೂ ಕಿವಿಯಲ್ಲಿ ಹತ್ತಿಯಿತ್ತು. ಕಣ್ಣಿಗೆ ಯಾರೂ ಹತ್ತಿ ತುರುಕಿಕೊಳ್ಳುವುದಿಲ್ಲ ಎಂಬ ಭರವಸೆಯ ಮೇಲೆ ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಎರಡು ತಿಂಗಳ ಹಿಂದೆ ಇದೇ ಲಾರಿಯನ್ನು ತಾವು ವಿಪರೀತ ಸದ್ದಿನ ಕಾರಣಕ್ಕೆ ತಿರಸ್ಕರಿಸಿದ್ದಿರಿ. ಅದು ನ್ಯಾಯವೇ. ನಾನು ಬೀದಿಯ ಆ ತುದಿಗೆ ಬಂದರೆ ಈ ತುದಿಯ ಮನೆಯಲ್ಲಿ ಕಪಾಟಿನ ಲೋಟಗಳು ಮಾತಾಡಿಕೊಳ್ಳುತ್ತಿದ್ದವು. ಅಂದು ತಾವು ಬಾನೆಟ್ ಪಕ್ಕ ಅರ್ಧ ನಿಮಿಷ ನಿಂತು, ಹಲ್ಲು ಕಚ್ಚಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಹತ್ತಿ ತರಿಸಿ ಕಿವಿಗೆ ಇಟ್ಟುಕೊಂಡಿರಿ. “ನಿಮ್ಮ ಲಾರಿ ನೋಡಿದ್ಮೇಲೆ ಸಾಹೇಬ್ರು ಹತ್ತಿ ಇಲ್ದೆ ಅಂಗಳಕ್ಕೆ ಇಳಿದೇ ಇಲ್ಲ” ಎಂದು ತಮ್ಮ ಕಾವಲುಗಾರನೇ ಹೇಳಿದ. ಆದ್ದರಿಂದ ಈ ಪ್ರಕರಣದಲ್ಲಿ ನನ್ನದೂ ಒಂದು ಪಾಲು ತಪ್ಪಿದೆಯೆಂದು ಒಪ್ಪಿಕೊಳ್ಳುತ್ತೇನೆ.

ಸದ್ದಿಗೆ ಕಾರಣ ಸವೆದ ಬೇರಿಂಗ್. ತಮಗೆ ಗೊತ್ತಿರುತ್ತದೆ, ಓದುಗರಿಗಾಗಿ ಹೇಳುತ್ತೇನೆ: ಬಳೆಯೊಂದನ್ನು ಎರಡು ಹೋಳು ಮಾಡಿದಂತಿರುವ ತೆಳ್ಳನೆಯ ಲೋಹದ ಪಟ್ಟಿಗಳು. ಎಂಜಿನ್ನಿನ ಹೊಟ್ಟೆಯಲ್ಲಿ ತಿರುಗುವ ದಪ್ಪ ದಂಡ, ಅಂದರೆ ಕ್ರ್ಯಾಂಕ್, ಇವುಗಳ ಮೇಲೆ ಕೂತಿರುತ್ತದೆ. ಇಪ್ಪತ್ತಾರು ವರ್ಷ ಓಡಿದ ಲಾರಿಯಲ್ಲಿ ಪಟ್ಟಿ ಸವೆಯುತ್ತದೆ, ದಂಡ ಕುಣಿಯುತ್ತದೆ, ತಾವು ಹತ್ತಿ ಕೇಳುತ್ತೀರಿ. ಇಡೀ ಸೆಟ್ಟಿಗೆ ಬೆಲೆ ಆರು ಸಾವಿರ. ಇಷ್ಟೇನಾ ಎಂದು ನಾನು ಹಿಗ್ಗಿದೆ. ನಮ್ಮ ಮೇಸ್ತ್ರಿಯನ್ನು ಊರೆಲ್ಲ ‘ಹೇಗೂ ಮೇಸ್ತ್ರಿ’ ಎಂದು ಏಕೆ ಕರೆಯುತ್ತದೆಂಬುದು ಎಂಜಿನ್ ಕೆಳಗಿಳಿಸಿದ ಮೇಲೆ ತಿಳಿಯಿತು.

“ಹೇಗೂ ಬಿಚ್ಚಿದೀವಲ್ಲ, ಕ್ರ್ಯಾಂಕ್ ಮೇಲೆ ಗೀರು ಬಿದ್ದಿದೆ, ಉಜ್ಜಿಸಿಬಿಡೋಣ” ಎಂದ. ಒಪ್ಪಿದೆ. “ಹೇಗೂ ಅದನ್ನ ಉಜ್ಜಿಸ್ತೀವಲ್ಲ, ಹಳೇ ಆಯಿಲ್ ಪಂಪ್ ಹಾಕಿದ್ರೆ ಅದಕ್ಕೇ ಅವಮಾನ.” ಅದಕ್ಕೂ ತಲೆಯಾಡಿಸಿದೆ. “ಹೇಗೂ ಪಂಪ್ ಹೊಸದು, ಪಿಸ್ಟನ್ ರಿಂಗು…” ಎನ್ನುವಷ್ಟರಲ್ಲಿ ಕೈ ಮುಗಿದುಬಿಟ್ಟೆ. “ಹೇಗೂ ಕೈ ಮುಗಿದಿದೀರಿ, ಕ್ಲಚ್ಚೂ ಒಂದ್ಸಲ ನೋಡ್ಲಾ?” ಎಂದ ಆ ಪುಣ್ಯಾತ್ಮ. ಕೊನೆಗೆ ಬೇರಿಂಗಿಗೆ ಆರು ಸಾವಿರ, ಅದಿರುವ ಜಾಗಕ್ಕೆ ಹೋಗಿ ಬರುವುದಕ್ಕೆ ಎಪ್ಪತ್ತೆಂಟು ಸಾವಿರ ಆಯಿತು. ಇಡೀ ಲಾರಿಗೆ ಗುಜರಿಯವನು ಹೇಳಿದ್ದು ಅರವತ್ತು.

ಈ ಹಣ ಎಲ್ಲಿಂದ ಬಂತು? ನನ್ನ ಹೆಂಡತಿ ಶಾಲಾ ಸಮವಸ್ತ್ರ ಹೊಲಿಯುವವಳು. ಐದು ವರ್ಷ ಕೂಡಿಟ್ಟು ಹೋದ ವರ್ಷವಷ್ಟೇ ಮೋಟಾರಿನ ಹೊಲಿಗೆ ಯಂತ್ರ ಕೊಂಡಿದ್ದಳು. ಅದನ್ನು ಮಾರಿದಳು, ಸಾಲದ್ದಕ್ಕೆ ಉಳಿತಾಯದ ಡಬ್ಬಿಯ ತಳವನ್ನೂ ಕೆರೆದಳು. ಬೇಡವೆಂದು ನಾನು ಅಡ್ಡ ನಿಂತದ್ದಕ್ಕೆ, “ಲಾರಿ ನಿಂತ್ರೆ ನೀವು ಇಡೀ ದಿನ ಮನೇಲೇ ಇರ್ತೀರ. ಅದಕ್ಕಿಂತ ಮೆಷಿನ್ ಹೋಗೋದೇ ವಾಸಿ” ಎಂದಳು. ಈಗ ಅಟ್ಟದಿಂದ ಇಳಿಸಿದ ಹಳೆಯ ಯಂತ್ರವನ್ನು ಕಾಲಲ್ಲಿ ತುಳಿಯುತ್ತಾಳೆ. ಸಂಜೆಗೆ ಪಾದ ಊದಿರುತ್ತದೆ. ನನಗೆ ನೋಡಲಾಗುವುದಿಲ್ಲ ಸ್ವಾಮೀ, ಇದೊಂದು ಮಾತನ್ನು ಕೊಂಕಿಲ್ಲದೆ ಹೇಳುತ್ತಿದ್ದೇನೆ.

ಇಷ್ಟೆಲ್ಲ ಆಗಿ, ಮಗುವಿನಂತೆ ಮೆಲ್ಲಗೆ ಉಸಿರಾಡುವ ಎಂಜಿನ್ನನ್ನು ಮಂಗಳವಾರ ತಮ್ಮ ಮುಂದೆ ತಂದು ನಿಲ್ಲಿಸಿದೆ.

“ಸ್ಟಾರ್ಟ್ ಮಾಡಿ” ಎಂದಿರಿ.

“ಆಗಿದೆ ಸಾರ್.”

“ಹಾಂ, ಮಾಡಿ ಮಾಡಿ.”

“ಓಡ್ತಾನೇ ಇದೆ ಸಾರ್!”

“ಇರಲಿ ಬಿಡಿ, ಬ್ಯಾಟರಿ ಚಾರ್ಜ್ ಮಾಡಿಸ್ಕೊಂಡು ಮುಂದಿನ ತಿಂಗಳು ಬನ್ನಿ” ಎಂದು ಬೆನ್ನು ತಟ್ಟಿ ಷರಾ ಬರೆದಿರಿ. ನಾನು ಸಿಟ್ಟಿನಿಂದ ಲಾರಿ ಹೊರಡಿಸಿದೆ. ಕಾವಲುಗಾರ ತಮ್ಮ ಕಿವಿಯ ಬಳಿ ಬಾಯಿಟ್ಟು, “ಸಾರ್, ಲಾರಿ ಹೋಗ್ತಾ ಇದೆಯಲ್ಲ!” ಎಂದು ಕೂಗಿದ. “ಇಳಿಜಾರಲ್ವೇನಯ್ಯ, ಜಾರ್ತಿದೆ” ಎಂದಿರಿ. ತಮ್ಮ ಕಚೇರಿಯ ಗೇಟು ಅಂಗಳಕ್ಕಿಂತ ಆಳೆತ್ತರ ಮೇಲಿದೆ, ಮಾನ್ಯರೇ. ಲಾರಿಯೊಂದು ಮೇಲ್ಮುಖವಾಗಿ ಜಾರಿ ಹೋಗುವುದನ್ನು ಕಂಡೂ ತಮ್ಮ ಹುಬ್ಬು ಏರಲಿಲ್ಲವೆಂದರೆ ಸರ್ಕಾರಿ ಸೇವೆಯಲ್ಲಿ ಇನ್ನೂ ಏನೇನು ಕಂಡಿದ್ದೀರೋ! ಸದ್ದು ಮಾಡಿದರೂ ತಪ್ಪು, ಮಾಡದಿದ್ದರೂ ತಪ್ಪು ಎಂದರೆ ಲಾರಿ ಮತ್ತೇನು ಮಾಡಬೇಕು? ಕೈಯೆತ್ತಿ ಹಾಜರಿ ಹೇಳಬೇಕೇ?

ಹಳೆಯ ಬೇರಿಂಗ್‌ಗಳನ್ನು ಮೇಸ್ತ್ರಿ ಕಾಗದದಲ್ಲಿ ಸುತ್ತಿ ಕೊಟ್ಟಿದ್ದಾನೆ. “ಅವನ್ನೇ ವಾಪಸ್ ಹಾಕ್ಸಿ, ಸಾಹೇಬ್ರಿಗೆ ಕೇಳ್ಸುತ್ತೆ” ಎಂದಳು ಹೆಂಡತಿ. ಮೇಸ್ತ್ರಿಗೆ ಫೋನ್ ಮಾಡಿದೆ. “ಹೇಗೂ ಬಿಚ್ಚೋದಾದ್ರೆ…” ಎಂದು ಶುರುಮಾಡಿದ. ಫೋನ್ ಇಟ್ಟುಬಿಟ್ಟೆ.

ನನಗೆ ಕಾಯಂ ಬಾಡಿಗೆ ಕೊಡುವ ಪೀಠೋಪಕರಣದ ಅಂಗಡಿಯವರು ಸೋಮವಾರದವರೆಗೆ ಮಾತ್ರ ಕಾಯುತ್ತಾರೆ. ಆಮೇಲೆ ಆ ಮಂಚ, ಮೇಜುಗಳೆಲ್ಲ ಬೇರೆಯವರ ಲಾರಿ ಹತ್ತುತ್ತವೆ. ನನ್ನದು ಅರ್ಹತಾ ಪತ್ರವಿಲ್ಲದೆ ಮನೆಯ ಕಿಟಕಿಗೆ ಅಡ್ಡವಾಗಿ ನಿಂತಿರುತ್ತದೆ. ಆದ್ದರಿಂದ ನನ್ನ ಬೇಡಿಕೆ ಇಷ್ಟು. ಶನಿವಾರ ಹತ್ತು ಗಂಟೆಗೆ ಲಾರಿ ತಮ್ಮ ಅಂಗಳದಲ್ಲಿರುತ್ತದೆ. ತಾವು ಕೆಳಗಿಳಿದು ಬಂದು ಹತ್ತಿ ತೆಗೆಯಬೇಕು. ಒಂದೇ ಕಿವಿಯದಾದರೂ ಸಾಕು. ಹೇಗೂ ಹತ್ತಿ ತೆಗೆದಿರುತ್ತೀರಲ್ಲ, ಬಾನೆಟ್ ಮೇಲೆ ಒಂದು ಸಲ ಅಂಗೈಯನ್ನೂ ಇಟ್ಟು ನೋಡಿ. ಅದರಡಿ ಓಡುತ್ತಿರುವುದು ನನ್ನ ಹೆಂಡತಿಯ ಹೊಲಿಗೆ ಯಂತ್ರ.

ಇಂತಿ,
ಮೊದಲ ಸಲ ಕೇಳಿಸಿದ್ದಕ್ಕೂ ಎರಡನೆಯ ಸಲ ಕೇಳಿಸದ್ದಕ್ಕೂ ಫೇಲಾಗಿ, ಮೂರನೆಯ ಸಲಕ್ಕೆ ಹಾರ್ನ್ ಒರೆಸಿಟ್ಟುಕೊಂಡಿರುವ
ಒಬ್ಬ ಲಾರಿ ಮಾಲೀಕ