ಸೂಜಿಮೊನೆಯಷ್ಟು ಚುಕ್ಕೆ

ಮಾರ್ಚ್ 3, ಬೆಳಿಗ್ಗೆ

ಅಂಗಡಿ ಬಾಗಿಲು ತೆಗೆದೆ. ಕನ್ನಡಕದ ಫ್ರೇಮುಗಳ ಧೂಳು ಒರೆಸಿದ್ದಾಯಿತು. ಗಿರಾಕಿ ಯಾರೂ ಇಲ್ಲ — ಭೂತಗನ್ನಡಿ ನನ್ನದು!

ಸಂತೆಯಿಂದ ತಂದ ಸೇನೆಯ ಚೂರಿ. ತುಕ್ಕು ಚೆನ್ನಾಗಿದೆ, ಅತಿ ಚೆನ್ನಾಗಿದೆ. ಮೊಹರಿನ ಅಕ್ಷರ ನೋಡಿದೆ. ಅಂಚು ಸವೆದ ಸೋಪಿನ ಹಾಗೆ ನುಣ್ಣಗಿದೆ. ಅಸಲಿಯಲ್ಲಿ ಸುತ್ತಿಗೆಯ ಏಟಿಗೆ ಅಕ್ಷರದ ಸುತ್ತ ಲೋಹ ಉಬ್ಬಿರುತ್ತದೆ. ಇದು ಆಸಿಡ್ಡಿನಲ್ಲಿ ಕೊರೆದದ್ದು. ನಕಲಿ! ನನಗೇ ಚಳ್ಳೆಹಣ್ಣು ತಿನ್ನಿಸೋಕೆ ಬರ್ತಾರೆ.

ಸಂಗ್ರಾಹಕರ ಗ್ರೂಪಿನಲ್ಲಿ ಫೋಟೋ ಸಮೇತ ಎಲ್ಲ ವಿವರಿಸಿದೆ. ಚಪ್ಪಾಳೆಯೋ ಚಪ್ಪಾಳೆ. ಮನೆಯಲ್ಲಿ ಇವರು ಮಾತ್ರ, "ಬೀರು ತುಂಬ ಚೂರಿ. ಈರುಳ್ಳಿ ಹೆಚ್ಚೋಕೆ ಒಂದಾದರೂ ಹರಿತವಾದ್ದು ಇದೆಯಾ?" ಅಂದರು. ಗಂಡಸರಿಗೆ ಅರ್ಥವಾಗಲ್ಲ.

ಮಾರ್ಚ್ 14

ಹೊಟ್ಟೆ ಉರಿಯುತ್ತಿದೆ. ಸಂತೆಗೆ ಹೊಸ ನಕಲಿ ಬಂದಿದೆ. ಈ ಸಲ ಅಕ್ಷರದ ಸುತ್ತ ಲೋಹ ಉಬ್ಬಿದೆ! ನಾನು ಬರೆದದ್ದನ್ನೇ ಓದಿ ತಿದ್ದಿಕೊಂಡಿದ್ದಾರೆ. ಕಳ್ಳರಿಗೆ ನಾನೇ ಪಾಠ ಹೇಳಿದ ಹಾಗಾಯಿತಲ್ಲ... ಅಂದರೆ ಗ್ರೂಪಿನೊಳಗೇ ಒಬ್ಬ ಇದ್ದಾನೆ.

ಸಂಜೆ

ಹೊಳೆಯಿತು! ಇಲ್ಲದ ಗುರುತನ್ನು ಇದೆ ಅಂತ ಬರೆದರೆ? ಅದು ಯಾವ ಚೂರಿಯ ಮೇಲೆ ಕಾಣಿಸುತ್ತದೋ, ತಂದವನೇ ಕಳ್ಳ. ಗ್ರೂಪಿನ ಅಧ್ಯಕ್ಷರಿಗೊಬ್ಬರಿಗೇ ಹೇಳಿದೆ. ಅವರು ಔಷಧಿ ಅಂಗಡಿಯವರು, ಗುಟ್ಟು ಬಿಡುವವರಲ್ಲ. "ಭಲೇ! ಸಿಕ್ಕಿದವನ ಹೆಸರು ಎಲ್ಲರೆದುರು ಹೇಳಿ ಆಚೆ ಹಾಕೋಣ. ಮನೆಯವರಿಗೂ ಬಾಯಿ ಬಿಡಬೇಡಿ."

ಬರೆದೇಬಿಟ್ಟೆ: "ಅಸಲಿ ಚೂರಿಯ ಅಲಗಿನಲ್ಲಿ, ಹಿಡಿಯ ಹತ್ತಿರ, ಸೂಜಿಮೊನೆಯಷ್ಟು ಚುಕ್ಕೆ ಇರುತ್ತದೆ. ತಪಾಸಣೆ ಮಾಡಿದವರು ಹೊಡೆದ ಗುರುತು." ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತೇನಪ್ಪಾ ನಾನು!

ಮಾರ್ಚ್ 30

ಬಿತ್ತು! ಬಲೆಗೆ ಬಿತ್ತು! ಸಂತೆಯ ಗುಜರಿಯವನ ಹತ್ತಿರ ಚುಕ್ಕೆಯಿರುವ ಚೂರಿ! ಅಂಗಡಿಯಲ್ಲೇ ಕುಣಿದೆ. ಕಣ್ಣು ಪರೀಕ್ಷೆಗೆ ಬಂದಿದ್ದ ಹೆಂಗಸು ಬೆಚ್ಚಿಬಿದ್ದಳು. ಅವನಿಗೆ ಮಾಲು ಕೊಡುವವನು ಯಾರು ಅಂತ ಬಾಯಿ ಬಿಡುತ್ತಿಲ್ಲ. ಬಿಡದಿದ್ದರೇನು? ಭಾನುವಾರ ಗ್ರೂಪಿನ ಸಭೆಯಲ್ಲಿ ಪ್ರದರ್ಶನ. ಎಲ್ಲರೂ ಚೂರಿ ತರುತ್ತಾರೆ. ಚುಕ್ಕೆ ತಂದವನು ಸಿಕ್ಕಿಬಿದ್ದ.

ದೊಡ್ಡಪ್ಪನೂ ಬರುತ್ತಾರಂತೆ! ಯುದ್ಧದಲ್ಲಿ ಸೊಂಟಕ್ಕೆ ಕಟ್ಟಿದ್ದ ಚೂರಿಯನ್ನು ಮೊದಲ ಸಲ ನಾಲ್ಕು ಜನಕ್ಕೆ ತೋರಿಸುತ್ತಾರೆ. ನನಗೆ ಚೂರಿಯ ಹುಚ್ಚು ಹಿಡಿಸಿದವರೇ ಅವರು. ಅವರನ್ನು ಗ್ರೂಪಿಗೆ ಸೇರಿಸಿದವಳು ನಾನು.

ಏಪ್ರಿಲ್ 5, ಭಾನುವಾರ, ಬೆಳಿಗ್ಗೆ

ದೊಡ್ಡಪ್ಪ ಇಸ್ತ್ರಿ ಶರ್ಟು ಹಾಕಿಕೊಂಡು ನೇರ ಅಂಗಡಿಗೆ ಬಂದರು. ಚರ್ಮದ ಒರೆಯಿಂದ ಎಳೆದು ನನ್ನ ಮುಂದೆ ಹಿಡಿದರು.

"ನೋಡು ಪುಟ್ಟೀ, ಚುಕ್ಕೆ ಇದೆ!"

ಭೂತಗನ್ನಡಿ ಇಟ್ಟೆ. ಹೊಸ ಗಾಯ, ಫಳಫಳ ಹೊಳೆಯುತ್ತಿದೆ. ಪಕ್ಕದಲ್ಲಿ ಉದ್ದಕ್ಕೆ ಗೀರು.

"ದೊಡ್ಡಪ್ಪಾ... ಇದು..."

"ನಿನ್ನ ಕಣ್ಣಿಗೆ ಮಣ್ಣೆರಚೋಕೆ ಆಗುತ್ತಾ?" ನಾಚಿಕೊಂಡರು. "ಮೊಳೆ ಇಟ್ಟು ಹೊಡೆದೆ ಕಣೆ. ಕೈ ನಡುಗಿ ಜಾರಿಬಿಡ್ತು. ವಾರವೆಲ್ಲ ಹುಡುಕಿದೆ, ಚುಕ್ಕೆ ಸಿಗಲಿಲ್ಲ."

"ಸೇನೆಯವರೇ ನಿಮ್ಮ ಕೈಗೆ ಕೊಟ್ಟಿದ್ದಲ್ವಾ ಇದು?"

"ಕೊಟ್ಟಿದ್ದೇ. ಆದರೆ ನೀನು ಬರೆದ ಮೇಲೆ ತಪ್ಪಾಗಿರುತ್ತಾ? ನನ್ನದಕ್ಕೆ ಹೊಡೆಯೋದು ಮರೆತಿರಬೇಕು ಅಂದುಕೊಂಡೆ. ಎಲ್ಲರೆದುರು ಸುಳ್ಳುಗಾರ ಅನ್ನಿಸಿಕೊಳ್ಳೋದು ಬೇಡ ಅಂತ... ಫೋಟೋನೂ ಹಾಕಿದ್ದೀನಿ ಗ್ರೂಪಿಗೆ."

ಇಷ್ಟು ವರ್ಷ ಒಂದು ಗೀರೂ ಇಲ್ಲದೆ ಕಾಪಾಡಿದ ಅಲಗು. ನನ್ನ ಒಂದು ಸಾಲಿಗೆ ಹಾಳಾಯಿತು.

10.40

ಅಧ್ಯಕ್ಷರ ಮೆಸೇಜ್: "ಫೋಟೋ ನೋಡಿದೆ. ಕಳ್ಳ ನಿಮ್ಮ ದೊಡ್ಡಪ್ಪನೇ ಅಂತ ಗೊತ್ತಿರಲಿಲ್ಲ. ಆದರೂ ಮಾತು ಅಂದರೆ ಮಾತು. ಸಭೆಯಲ್ಲಿ ಅವರ ಹೆಸರು ಹೇಳುತ್ತೇನೆ."

ಫೋನ್ ಮಾಡಿದೆ. ಎತ್ತುತ್ತಿಲ್ಲ. ಸಭೆಗೆ ಹೊರಟಿರಬೇಕು. ಸುಳ್ಳು ನನ್ನದು ಅಂತ ಗ್ರೂಪಿಗೆ ಬರೆಯಬೇಕು, ಈಗಲೇ. ಕಳ್ಳ ತಪ್ಪಿಸಿಕೊಂಡರೆ ಹಾಳಾಗಿ ಹೋಗಲಿ. ಆದರೆ ದೊಡ್ಡಪ್ಪ ಅದನ್ನು ಫೋನಿನಲ್ಲಿ ಓದಬಾರದು. ಮೊದಲು ನನ್ನ ಬಾಯಿಂದ ಕೇಳಬೇಕು.

ಹೊರಗಿನ ಬೆಂಚಿನಲ್ಲಿ ಕೂತಿದ್ದಾರೆ. ದಾರಿಯಲ್ಲಿ ಹೋಗುವವರನ್ನು ಕರೆದು ತೋರಿಸುತ್ತಿದ್ದಾರೆ: "ನಮ್ಮ ಪುಟ್ಟಿ ಕಂಡುಹಿಡಿದ ಗುರುತು ಇದು." ಹೆಮ್ಮೆಯೋ ಹೆಮ್ಮೆ.

ಏನಂತ ಶುರು ಮಾಡಲಿ? ಇಲ್ಲೇ ಬರೆದು ನೋಡಿಕೊಂಡು ಹೋಗುತ್ತೇನೆ. ದೊಡ್ಡಪ್ಪಾ, ನಿಮ್ಮದಕ್ಕೆ ಹೊಡೆಯೋದು ಯಾರೂ ಮರೆತಿರಲಿಲ್ಲ. ಅಂಥ ಚುಕ್ಕೆ ಯಾವ ಚೂರಿಗೂ —