ಅವಳ ಕೈಯಳತೆ

ಮಾರ್ಚ್ ೧೨, ಬುಧವಾರ

ಗಾಜಿನ ಅಂಗಡಿಯವನು ಇವತ್ತೂ ಪಟ್ಟು ಬಿಡಲಿಲ್ಲ. "ಎಂಟಡಿ ಉದ್ದದ ಅಕ್ವೇರಿಯಂಗೆ ಆಳ ಬರೀ ಎರಡಡೀನಾ ಸಾರ್? ಮೂರು ಮಾಡ್ಸಿ, ಸಮುದ್ರಾನೇ ಹಾಲ್‌ಗೆ ಬಂದಂಗಿರುತ್ತೆ," ಎಂದ. ಹಳೆಯ ಅಕ್ವೇರಿಯಂ ಮಾಡಿಸುವಾಗ ಇಂಥ ಮಾತಿಗೇ ತಲೆಯಾಡಿಸಿ, ಮೂರಡಿ ಆಳ ಇಡಿಸಿ ಕೆಟ್ಟೆ.

ಒಮ್ಮೆ ನಾನು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದೆ. ನಾಲ್ಕು ವರ್ಷ ಸಾಕಿದ ಹವಳ ಕಲ್ಲಿನಿಂದ ಜಾರಿ, ತಳದ ಮರಳಿನಲ್ಲಿ ಬೋರಲು ಬಿತ್ತು. ಹೆಂಡತಿ ಸ್ಟೂಲ್ ಹತ್ತಿ ಕೈಹಾಕಿ, ಕೆನ್ನೆಯವರೆಗೆ ಉಪ್ಪುನೀರಿಗಿಳಿದರೂ ಬೆರಳು ತಾಗಲಿಲ್ಲ. "ಎಟುಕ್ಲಿಲ್ಲ ರೀ," ಎಂದು ಫೋನಿನಲ್ಲಿ ಮೂರು ಸಲ ಹೇಳಿದಳು. ನಾನು ಬರುವಷ್ಟರಲ್ಲಿ ಹವಳ ಸತ್ತು ಸುಣ್ಣದಂತೆ ಬೆಳ್ಳಗಾಗಿತ್ತು. ಅವಳು ಮತ್ತೆ ಅದರ ಮಾತೆತ್ತಿಲ್ಲ.

ಬೆಳಿಗ್ಗೆ ಅವಳ ಕಂಕುಳಿಂದ ಬೆರಳ ತುದಿಯವರೆಗೆ ದಾರ ಹಿಡಿದು ಅಳೆದೆ. "ಏನು, ಅಂಗಿ ಹೊಲಿಸ್ತೀರಾ?" ಎಂದು ನಕ್ಕಳು. ದಾರ ಸುತ್ತಿ ಜೇಬಿಗಿಟ್ಟುಕೊಂಡೆ.

ಆ ದಾರವನ್ನೇ ಅಂಗಡಿಯವನ ಮೇಜಿನ ಮೇಲೆ ಹಾಸಿದೆ.

"ಆಳ ಇಷ್ಟೇ. ಒಂದು ನೂಲೂ ಹೆಚ್ಚು ಬೇಡ."

"ನಿಮ್ಮ ಕೈ ಇದಕ್ಕಿಂತ ಉದ್ದ ಇದೆಯಲ್ಲ ಸಾರ್?"

"ನಾನು ಯಾವಾಗ್ಲೂ ಮನೇಲಿರಲ್ಲಪ್ಪ."

ಅವನು ಗೊಣಗುತ್ತಲೇ ಬರೆದುಕೊಂಡ. ಗೊಣಗಲಿ. ನೀರು ತುಂಬಿಸಿದ ದಿನ ನಾನು ದೂರ ನಿಲ್ಲುತ್ತೇನೆ. ಮೊದಲು ಅವಳ ಬೆರಳು ಮರಳು ಮುಟ್ಟಲಿ, ಹವಳ ತರುವುದು ಆಮೇಲೆ.